ಪ್ರವಾಸ ಪ್ರಶ್ನೋತ್ತರ: ಅತ್ತೆಯವರ ಜೊತೆ ವೈನರಿಗೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಡೊಂಬಿವಲಿಯಲ್ಲಿದ್ದೇವೆ, ಮೂಲ ಧಾರವಾಡ. ಜನವರಿ 26ರ ರಜೆ ಸೇರಿಸಿಕೊಂಡು ನಾಸಿಕ್‌ನ ಒಂದು ವೈನರಿಯಲ್ಲಿ ಎರಡು ರಾತ್ರಿ ಉಳಿಯಬೇಕೆಂದು ನಮ್ಮ ಯಜಮಾನರ ಆಸೆ. ಜೊತೆಗೆ ಅತ್ತೆ (72), ಮಗಳು (11), ಮಗ (6), ನಾದಿನಿಯ ಮಗ (19) ಬರುತ್ತಾರೆ. ಅತ್ತೆ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಅವರಿಗೆ ‘ದ್ರಾಕ್ಷಿ ತೋಟಕ್ಕೆ ಹೋಗ್ತಿದೀವಿ’ ಅಂತಷ್ಟೇ ಹೇಳಿದ್ದೇವೆ. ಮಕ್ಕಳು, ಹಿರಿಯರನ್ನು ಕಟ್ಟಿಕೊಂಡು ಇಂಥ ಕಡೆ ಉಳಿಯುವುದು ಸರಿಯಾ? ಅಲ್ಲಿ ಎರಡು ದಿನ ಮಾಡುವುದಾದರೂ ಏನು?
(ಡೊಂಬಿವಲಿ ಪೂರ್ವದ ಓದುಗರು)

ಉತ್ತರ: ಮೊದಲು ಅತ್ತೆಯವರಿಗೆ ನಿಜ ಹೇಳಿಬಿಡಿ ತಾಯೀ. ವೈನರಿಯ ಹೆಸರು ಗೇಟಿನ ಮೇಲೇ ಇರುತ್ತದೆ. ಒಳಗೆ ಕಾಲಿಟ್ಟರೆ ಬಾಟಲಿಗಳ ಸಾಲು. ಅಲ್ಲಿ ಹೋಗಿ ಗೊತ್ತಾದರೆ ಹಿಂದಿರುಗುವ ತನಕ ಮುಖ ಗಂಟು. ಮನೆಯಲ್ಲೇ ಹೇಳಿದರೆ ಒಂದು ಸಂಜೆಯ ಮುನಿಸು, ಅಷ್ಟೇ. ಹೇಳುವಾಗ ಇದನ್ನೂ ಸೇರಿಸಿ. ನಾಸಿಕ್‌ನ ಸುಲಾ ವೈನರಿ ಕಟ್ಟಿದ ರಾಜೀವ್ ಸಾಮಂತ್ ಅಮೆರಿಕದ ಕೆಲಸ ಬಿಟ್ಟು ಬಂದು, ಮನೆಯ ಜಮೀನಿನಲ್ಲಿ 1997ರಲ್ಲಿ ವೈನ್ ದ್ರಾಕ್ಷಿ ಹಾಕಿದರು. ಹೆಸರು ಇಟ್ಟದ್ದು ತಾಯಿ ಸುಲಭಾ ಅವರದ್ದು. ನಮ್ಮ ಚಿಕ್ಕಮ್ಮನಿಗೆ ಈ ಒಂದು ಮಾತೇ ಸಾಕಾಯಿತು. ‘ತಾಯಿ ಹೆಸರಿಟ್ಟಾನಂದ್ರ ಹುಡುಗ ಛಲೋನೇ ಇರಬೇಕು’ ಎಂದವರೇ ಚೀಲಕ್ಕೆ ಸೀರೆ ತುಂಬಿಕೊಂಡರು. ಅದಕ್ಕೂ ಬಗ್ಗದಿದ್ದರೆ ತ್ರ್ಯಂಬಕೇಶ್ವರ ಇದ್ದೇ ಇದೆ. ನಾಸಿಕ್‌ನಿಂದ ಸುಮಾರು 30 ಕಿಲೋಮೀಟರ್, ಜ್ಯೋತಿರ್ಲಿಂಗ, ಮೇಲೆ ಗೋದಾವರಿ ಹುಟ್ಟುವ ಬ್ರಹ್ಮಗಿರಿ. ಸೋಮವಾರ ಮಾತ್ರ ಅಲ್ಲಿಗೆ ಹೋಗಬೇಡಿ. ಸಾಲಿನಲ್ಲಿ ನಿಂತೇ ದಿನ ಮುಗಿಯುತ್ತದೆ.

ಇನ್ನು ನಿಮ್ಮ ಯಜಮಾನರಿಗೆ ಒಂದು ಕಹಿ ಸುದ್ದಿ. ಜನವರಿ 26 ಮಹಾರಾಷ್ಟ್ರದಲ್ಲಿ ಡ್ರೈ ಡೇ. ವೈನರಿಯಾದರೇನು, ಅವತ್ತು ಒಂದು ತೊಟ್ಟೂ ಹಾಕುವುದಿಲ್ಲ. ಲಾಂಗ್ ವೀಕೆಂಡ್ ಅಂತ ದುಬಾರಿ ರೂಮು ಹಿಡಿದು, ಹೋದ ಮೇಲೆ ಪೆಚ್ಚಾಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. 30ನೇ ತಾರೀಕೂ ಹಾಗೇ. ಅದಕ್ಕೆ ಟೇಸ್ಟಿಂಗ್, ಅಂದರೆ ವೈನ್ ರುಚಿ ನೋಡುವುದನ್ನು, 24 ಅಥವಾ 25ಕ್ಕೆ ಮುಗಿಸಿಕೊಳ್ಳಿ. ನನ್ನನ್ನು ಕೇಳಿದರೆ 26ನ್ನೇ ಬಿಟ್ಟು, ಫೆಬ್ರವರಿಯ ಒಂದು ಸಾದಾ ಗುರುವಾರ–ಶುಕ್ರವಾರ ಹಿಡಿಯುವುದು ಒಳ್ಳೆಯದು. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿದರೆ ಆಕಾಶ ಬೀಳುವುದಿಲ್ಲ. ವಾರದ ಕೊನೆಗೆ ಮುಂಬೈಯೇ ಎದ್ದು ನಾಸಿಕ್‌ಗೆ ಬಂದಿರುತ್ತದೆ. ಸುಲಾಫೆಸ್ಟ್ ಸಂಗೀತದ ಗಲಾಟೆಯೂ ಸಾಮಾನ್ಯವಾಗಿ ಫೆಬ್ರವರಿಯಲ್ಲೇ. ಆ ದಿನಗಳನ್ನು ನೋಡಿಕೊಂಡು ಬಿಟ್ಟುಬಿಡಿ, ಅದು ಆರು ವರ್ಷದವನಿಗೂ ಅಲ್ಲ, ಎಪ್ಪತ್ತೆರಡರವರಿಗೂ ಅಲ್ಲ.

ತಿಂಗಳು ಮಾತ್ರ ಸರಿಯಾಗಿ ಆರಿಸಿದ್ದೀರಿ. ಜನವರಿಯಿಂದ ಮಾರ್ಚ್ ತನಕ ಕಟಾವು. ಆಗ ಬಳ್ಳಿಯಲ್ಲಿ ಗೊಂಚಲು ಇರುತ್ತದೆ, ಕೂಲಿಯಾಳುಗಳು ಬೆಳಕು ಹರಿಯುವ ಮೊದಲೇ ಕತ್ತರಿ ಹಿಡಿದು ಇಳಿದಿರುತ್ತಾರೆ, ಕ್ರೇಟುಗಳು ಟ್ರ್ಯಾಕ್ಟರ್ ಏರುತ್ತಿರುತ್ತವೆ. ನಾನು ವಿಜಯಪುರದ ಕಡೆಯವಳು. ನಮ್ಮ ಮನೆಯಲ್ಲಿ ಥಾಮ್ಸನ್ ತಳಿಯ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುತ್ತಿದ್ದರು. ವೈನ್ ನಾನು ಕುಡಿಯುವುದಿಲ್ಲ. ಆದರೂ ವೈನರಿಯಲ್ಲಿ ಉಳಿಯುವುದು ನನಗಿಷ್ಟ, ಅದೂ ಈ ಬೆಳಗಿನ ಹೊತ್ತಿಗಾಗಿ. ಹೊರಗಿನಿಂದ ಬರುವ ಜನ ಹನ್ನೊಂದರ ಮೇಲೆ ಬರುತ್ತಾರೆ, ರಾತ್ರಿ ಹೊರಟುಹೋಗುತ್ತಾರೆ. ಬೆಳಿಗ್ಗೆ ಆರರಿಂದ ಒಂಬತ್ತರ ತನಕ ತೋಟ ರಾತ್ರಿ ಅಲ್ಲೇ ತಂಗಿದವರದ್ದು. ನೀವು ದುಡ್ಡು ಕೊಡುವುದು ಆ ಮೂರು ಗಂಟೆಗೆ ಎಂದು ತಿಳಿಯಿರಿ. ಅತ್ತೆಯವರನ್ನೂ ಮಕ್ಕಳನ್ನೂ ಆಗ ಎಬ್ಬಿಸಿ ಸಾಲುಗಳ ನಡುವೆ ನಡೆಸಿ. ಸ್ವೆಟರ್, ಅತ್ತೆಯವರಿಗೆ ಶಾಲು ಮರೆಯಬೇಡಿ. ಆ ತಿಂಗಳಲ್ಲಿ ನಾಸಿಕ್‌ನ ಬೆಳಗು 10 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಕಮ್ಮಿ. ಡೊಂಬಿವಲಿಯ ಕಪಾಟಿನಲ್ಲಿ ಸ್ವೆಟರ್ ಎಲ್ಲಿದೆ ಎಂದು ಇವತ್ತೇ ಹುಡುಕಿ.

ಮಕ್ಕಳಿಗೆ ಮೊದಲೇ ಹೇಳಿಡಿ: ಇದು ಪೇಟೆಯಲ್ಲಿ ಕಿಲೋಗೆ ತರುವ ದ್ರಾಕ್ಷಿ ಅಲ್ಲ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನುವ ದ್ರಾಕ್ಷಿಯ ಕಾಳು ದೊಡ್ಡದಾಗಲಿ ಎಂದು ರೈತರು ಜಿಬ್ಬರಲಿಕ್ ಆಮ್ಲದ ನೀರಿನಲ್ಲಿ ಗೊಂಚಲು ಅದ್ದುತ್ತಾರೆ. ಇಲ್ಲಿ ಕಾಳು ಸಣ್ಣದಿದ್ದಷ್ಟೂ ಒಳ್ಳೆಯದು, ಬಣ್ಣ ಮತ್ತು ಒಗರು ಇರುವುದೇ ಸಿಪ್ಪೆಯಲ್ಲಿ. ಶಿರಾಜ್, ಕ್ಯಾಬರ್ನೆ, ಶೆನಿನ್ ಬ್ಲಾಂಕ್ ಎಂದು ಸಾಲಿನ ತುದಿಗೆ ತಳಿಯ ಹೆಸರಿನ ಬೋರ್ಡ್ ಇದ್ದರೆ ಮಗಳಿಗೆ ಓದಲು ಬಿಡಿ. ಆದರೆ ಬಳ್ಳಿಯಿಂದ ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಬೇಡ. ಔಷಧಿ ಯಾವಾಗ ಹೊಡೆದಿದ್ದಾರೋ ಅವರನ್ನು ಕೇಳದೆ ಮುಟ್ಟಬಾರದು. ಕಟಾವಿನ ಕಾಲದಲ್ಲಿ ಕೆಲವು ಕಡೆ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವ ಆಟ ಇಡುತ್ತಾರೆ. ಆರು ವರ್ಷದವನಿಗೆ ಇಡೀ ಪ್ರವಾಸವೇ ಅದು. ಹಳೇ ಚಡ್ಡಿ ಹಾಕಿಸಿ, ಕಲೆ ಹೋಗುವುದಿಲ್ಲ. ಅತ್ತೆಯವರು ‘ಕಾಲಿನಿಂದ ತುಳಿದಿದ್ದನ್ನ ಜನ ಕುಡೀತಾರಾ?’ ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ ಎನ್ನಿ. ಬಾಟಲಿಗೆ ಹೋಗುವುದನ್ನು ಯಂತ್ರ ಹಿಂಡುತ್ತದೆ.

ವೈನರಿ ಸುತ್ತು ಮುಕ್ಕಾಲು ಗಂಟೆ, ಜಾಸ್ತಿ ಅಂದರೆ ಒಂದು ಗಂಟೆ. ದೊಡ್ಡ ಸ್ಟೀಲ್ ಟ್ಯಾಂಕುಗಳು, ಓಕ್ ಮರದ ಪೀಪಾಯಿಗಳು, ಹುಳಿಯ ವಾಸನೆ. ಬಿಳಿ ವೈನಿಗೆ ರಸ ಮಾತ್ರ ಬೇಕು, ಕೆಂಪಿಗೆ ಸಿಪ್ಪೆಯ ಸಮೇತ ಹುದುಗಿಸುತ್ತಾರೆ ಎಂಬುದು ಮಗಳಿಗೆ ಅರ್ಥವಾಗುತ್ತದೆ, ಮಗನಿಗೆ ನಿದ್ದೆ ಬರುತ್ತದೆ. ಕೊನೆಗೆ ಟೇಸ್ಟಿಂಗ್. ಐದಾರು ಗ್ಲಾಸು, ಒಂದೊಂದರಲ್ಲೂ ಒಂದೆರಡು ಗುಟುಕು. ಆ ಕೋಣೆಗೆ ಮಕ್ಕಳನ್ನು ಬಿಡುತ್ತಾರೋ ಇಲ್ಲವೋ ಒಂದೊಂದು ಕಡೆ ಒಂದೊಂದು ಥರ, ಬುಕ್ ಮಾಡುವಾಗಲೇ ಕೇಳಿ. ನಾದಿನಿಯ ಮಗನಿಗೆ ಮಾತ್ರ ಆಸೆ ಹುಟ್ಟಿಸಬೇಡಿ. ಇಲ್ಲಿ ವೈನಿಗೆ 21 ತುಂಬಿರಬೇಕು. ಅವನಿಗೆ ಲೈಸೆನ್ಸ್ ಇದ್ದರೆ ಕಾರಿನ ಕೀಲಿ ಕೊಟ್ಟು ಸಮಾಧಾನ ಮಾಡಿ, ಯಾಕೆಂದರೆ ಗುಟುಕು ಗುಟುಕೇ ಆದರೂ ಒಟ್ಟು ಸೇರಿದರೆ ಒಂದು ಗ್ಲಾಸು ದಾಟುತ್ತದೆ. ರಕ್ತದಲ್ಲಿ ಮದ್ಯದ ಅಂಶ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಪೊಲೀಸರ ಕೇಸು.

ರೂಮಿನ ವಿಷಯಕ್ಕೆ ಸ್ವಲ್ಪ ಜಗಳಗಂಟಿಯಾಗಿ. ‘ವಿನ್‌ಯಾರ್ಡ್ ವ್ಯೂ’ ಎಂದು ದುಡ್ಡು ತೆಗೆದುಕೊಂಡ ಒಂದು ಕಡೆ ನನ್ನ ಕಿಟಕಿಯಿಂದ ಕಂಡದ್ದು ಕಾರ್ ಪಾರ್ಕಿಂಗು ಮತ್ತು ಒಂದು ಜನರೇಟರು. ಬಳ್ಳಿ ಕಾಣುವ ರೂಮು ಯಾವುದು, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಸ್ನಾನದ ಮನೆಯಲ್ಲಿ ಹಿಡಿಕೆ ಇದೆಯಾ, ಎಲ್ಲ ಫೋನಿನಲ್ಲಿ ಕೇಳಿ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಊಟವೂ ಅಷ್ಟೇ. ನಾಸಿಕ್‌ನಲ್ಲಿ ಜೈನ ಊಟ ಅಂದರೆ ಎಲ್ಲರಿಗೂ ಗೊತ್ತು. ಅತ್ತೆಯವರಿಗೆ ಅದನ್ನೇ ಹೇಳಿ, ಈರುಳ್ಳಿ-ಬೆಳ್ಳುಳ್ಳಿಯ ಗೋಜೇ ಇಲ್ಲ. ಆದರೂ ಅವಲಕ್ಕಿ, ಚಟ್ನಿಪುಡಿ ಒಂದು ಡಬ್ಬಿ ಕೈಯಲ್ಲಿರಲಿ. ಇಂಥ ರೆಸಾರ್ಟುಗಳಲ್ಲಿ ಪಿಜ್ಜಾ ಬೇಗ ಬರುತ್ತದೆ, ಬೇಳೆ-ಅನ್ನ ಬರುವಷ್ಟರಲ್ಲಿ ಹಿರಿಯರಿಗೆ ಹಸಿವೇ ಸತ್ತಿರುತ್ತದೆ. ಈಜುಕೊಳ ಇದ್ದರೆ ಈಜುಡುಗೆ ಇಲ್ಲದೆ ಇಳಿಸುವುದಿಲ್ಲ, ಮಕ್ಕಳದ್ದು ಮರೆತರೆ ರಂಪ.

ಎರಡು ರಾತ್ರಿ ವೈನರಿಯಲ್ಲೇ ಬೇಡ, ಒಂದು ಸಾಕು. ಮೊದಲ ದಿನ ಮಧ್ಯಾಹ್ನ ಮುಟ್ಟಿ, ಸಂಜೆ ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಕಡೆ ಸೂರ್ಯಾಸ್ತ, ಮರುದಿನ ಬೆಳಿಗ್ಗೆ ತೋಟ. ಎರಡನೇ ರಾತ್ರಿ ಊರೊಳಗೆ ಸಾದಾ ಹೋಟೆಲು. ಅಲ್ಲಿಂದ ಪಂಚವಟಿ, ಕಾಳಾರಾಮ ಮಂದಿರ, ರಾಮಕುಂಡ ಹತ್ತಿರ. ಬೆಳಗಿನ ತಿಂಡಿಗೆ ಮಿಸಳ್ ತಿನ್ನಿ, ಅತ್ತೆಯವರಿಗೆ ಬೇರೆ ಏನಾದರೂ. ದಾರಿ ನಿಮಗೆ ಸುಲಭ: ಕಲ್ಯಾಣ ದಾಟಿ, ಪಡಘಾ ಹತ್ತಿರದ ಆಮಣೆಯಲ್ಲಿ ಮುಂಬೈ–ನಾಗಪುರದ ಸಮೃದ್ಧಿ ಹೆದ್ದಾರಿ ಹತ್ತಿ. 2025ರ ಜೂನ್‌ನಲ್ಲಿ ತೆರೆದ ಈ ಕೊನೆಯ ತುಂಡಿನಲ್ಲಿ ಇಗತ್‌ಪುರಿಯ ಹತ್ತಿರ 8 ಕಿಲೋಮೀಟರ್‌ನಷ್ಟು ಉದ್ದದ ಸುರಂಗವಿದೆ, ಕಸಾರಾ ಘಾಟಿನ ಲಾರಿ ಸಾಲು ತಪ್ಪುತ್ತದೆ. ಮಗನಿಗೆ ಸುರಂಗ ಬಂದಾಗ ಎಬ್ಬಿಸಿ. ರೈಲಾದರೆ ಸಂಜೆಯ ಪಂಚವಟಿ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ಸಿಗುತ್ತದೆ. ಆದರೆ ನಾಸಿಕ್ ರೋಡ್ ಸ್ಟೇಷನ್ನು ಊರಿಂದಲೇ ದೂರ, ಗಂಗಾಪುರದ ಕಡೆಯ ವೈನರಿಗಳು ಇನ್ನೂ ಆಚೆ. ರಾತ್ರಿ ಇಳಿದು ಆರು ಜನ ಟ್ಯಾಕ್ಸಿ ಹುಡುಕುವ ಕಷ್ಟ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ರೂಮು ಅಗ್ಗ ಅಂತಾರೆ. ಹೋಗಬಹುದಾ? (ಠಾಣೆ)

ಉತ್ತರ: ಹೋಗಿ, ಆದರೆ ಒಂದು ದ್ರಾಕ್ಷಿಯೂ ಕಾಣುವುದಿಲ್ಲ. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ. ಏಪ್ರಿಲ್‌ನದ್ದು ಕಡ್ಡಿ ಬೆಳೆಯಲಿ ಎಂದು, ಸೆಪ್ಟೆಂಬರ್–ಅಕ್ಟೋಬರ್‌ನದ್ದು ಹಣ್ಣಿಗೆ. ಮಳೆಯಲ್ಲಿ ಬರೀ ಹಸಿರು ಎಲೆ. ಮಳೆಯೇ ಬೇಕಿದ್ದರೆ ನಾಸಿಕ್ ತನಕ ಯಾಕೆ, ಇಗತ್‌ಪುರಿಯ ಹತ್ತಿರ ಕಾವನಈ ಕಡೆ ವಲೋನ್ ಇದೆ. ಸಣ್ಣ ವೈನರಿ, ಕೆಲವೇ ರೂಮು. ಆಷಾಢ ಏಕಾದಶಿಯೂ ಡ್ರೈ ಡೇ, ನೆನಪಿರಲಿ.

ಪ್ರಶ್ನೆ: ನಾವು ಪುಣೆಯವರು. ನಮಗೆ ಹತ್ತಿರ ಯಾವುದೂ ಇಲ್ಲವಾ? (ಕೋಥ್ರುಡ್)

ಉತ್ತರ: ಸೋಲಾಪುರ ಹೆದ್ದಾರಿಯಲ್ಲಿ ಪಾಟಸ್ ಹತ್ತಿರ ರೋಟಿ ಎಂಬ ಊರಲ್ಲಿ ಫೋರ್ ಸೀಸನ್ಸ್ ವೈನರಿ ಇದೆ, ಒಂದೂವರೆ–ಎರಡು ಗಂಟೆಯ ದಾರಿ. ಇನ್ನೂ ಮುಂದೆ ಅಕಲೂಜ್ ಕಡೆ ಫ್ರಾಟೆಲ್ಲಿ. ಮನೆಯಲ್ಲಿ ಹಿರಿಯರಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಅಲ್ಲಿಂದ ಪಂಢರಪುರ ಹತ್ತಿರ, ವಿಠ್ಠಲನ ದರ್ಶನ ಆಗುತ್ತದೆ ಎಂದರೆ ಯಾರೂ ಬೇರೆ ಪ್ರಶ್ನೆ ಕೇಳುವುದಿಲ್ಲ. ಎರಡೂ ಕಡೆ ಏಪ್ರಿಲ್–ಮೇ ಬಿಸಿಲಿಗೆ ಹೋಗಬೇಡಿ.

ಪ್ರಶ್ನೆ: ವೈನರಿಯಿಂದ ತಂದ ಬಾಟಲಿ ತೆರೆದ ಮೇಲೆ ಎಷ್ಟು ದಿನ ಇಡಬಹುದು? (ಅಂಧೇರಿ)

ಉತ್ತರ: ಕುಡಿಯದವಳನ್ನು ಕೇಳುತ್ತೀರಲ್ಲ! ನನ್ನ ತಮ್ಮನ ಲೆಕ್ಕ ಇದು: ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿ ಇಟ್ಟರೆ ಮೂರರಿಂದ ಐದು ದಿನ, ನೊರೆ ಬರುವ ಸ್ಪಾರ್ಕ್ಲಿಂಗ್ ಆದರೆ ಮರುದಿನಕ್ಕೇ ಮುಗಿಸಿ. ಕೆಂಪನ್ನೂ ಫ್ರಿಜ್ಜಿಗೇ ಇಡಿ, ಮುಂಬೈ ಸೆಕೆಯಲ್ಲಿ ಹೊರಗಿಟ್ಟರೆ ಹುಳಿಯಾಗುತ್ತದೆ. ತರುವಾಗ ಡಿಕ್ಕಿಯಲ್ಲಿ ಬೇಡ, ಎಸಿ ತಗಲುವ ಹಾಗೆ ಸೀಟಿನ ಕೆಳಗೆ ಇಡಿ.