ಮನೆಯಲ್ಲೇ ರಾಡಾರ್ ಡಿಟೆಕ್ಟರ್ ಮಾಡಬಹುದಾ? ಮಾಡಬಹುದು, ಆದರೆ ಮೊದಲು ಒಂದು ರಾಡಾರ್ ಮಾಡಿ

ನಿಮ್ಮದು ಎರಡು ಪ್ರಶ್ನೆ. 1458 ಅನ್ನೋ ಆಂಪ್ಲಿಫೈಯರ್ ಐಸಿಯ ಆ ಹಳೇ ಸರ್ಕ್ಯೂಟ್ ಹಿಡಿದು ಮನೆಯಲ್ಲೇ ರಾಡಾರ್ ಡಿಟೆಕ್ಟರ್ (ರಾಡಾರ್‌ನ ರೇಡಿಯೋ ಅಲೆ ಬಂದರೆ ಕೂಗಿ ಹೇಳುವ ಸಾಧನ) ಮಾಡಬಹುದಾ ಅನ್ನೋದು ಒಂದು. ಅದನ್ನು ಬೈಕಿಗೆ ಕಟ್ಟಿಕೊಂಡು ದಿನಾ ಗದಗದಿಂದ ಹುಬ್ಬಳ್ಳಿಯ ಕಾಲೇಜಿಗೆ ಬಂದರೆ ಪೊಲೀಸರ ಸ್ಪೀಡ್ ಗನ್ ಮೊದಲೇ ಗೊತ್ತಾಗುತ್ತಾ ಅನ್ನೋದು ಇನ್ನೊಂದು. ಎರಡನೆಯದನ್ನು ಬೇಗ ಮುಗಿಸುತ್ತೇನೆ.

ಗೊತ್ತಾಗಲ್ಲ. ಈಗ ಬಹಳ ಕಡೆ ಬಳಸುವುದು ಲೇಸರ್ ಗನ್. ಅದರಲ್ಲಿ ರೇಡಿಯೋ ಅಲೆಯೇ ಇಲ್ಲ. ಸುಮಾರು 905 ನ್ಯಾನೋಮೀಟರ್‌ನ, ಕಣ್ಣಿಗೆ ಕಾಣದ ಬೆಳಕು ಅದು. 300 ಮೀಟರ್ ದೂರ ಹೋದರೂ ಆ ಕಿರಣ ಹೆಚ್ಚುಕಡಿಮೆ ಒಂದು ಮೀಟರ್ ಅಗಲ ಅಷ್ಟೇ. ಅದು ನಿಮ್ಮ ಗಾಡಿಗೆ ಬಿತ್ತು ಅಂದರೆ ವೇಗ ಅಳೆದಾಗಿರುತ್ತದೆ. ಇನ್ನೊಂದು ಮಾತು. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ, ಇಟಿಗಟ್ಟಿ ಹತ್ತಿರ, 2021ರ ಜನವರಿಯಲ್ಲಿ ಆದ ಅಪಘಾತ ನಿಮಗೂ ನೆನಪಿರಬೇಕು. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು ಅಲ್ಲಿ ತೀರಿಕೊಂಡರು. ಕೆಲಸದ ಮೇಲೆ ಆ ದಾರಿಯಲ್ಲಿ ಓಡಾಡುವವನು ನಾನು. ವೇಗ ಅಳೆಯುವವರ ಕಣ್ಣು ತಪ್ಪಿಸಲು ಯಾರಿಗೂ ಸಹಾಯ ಮಾಡಲಾರೆ. ಮೇಜಿನ ಮೇಲೆ, ಮಾಳಿಗೆಯ ಮೇಲೆ ಮಾಡಿ ಕಲಿಯುತ್ತೀರಿ ಅಂದರೆ ಮಾತ್ರ ನನಗೆ ಗೊತ್ತಿರುವುದನ್ನೆಲ್ಲ ಹೇಳುತ್ತೇನೆ.

1458 ಸರ್ಕ್ಯೂಟ್ ನಾನೂ ಮಾಡಿದ್ದೆ. ಅದರಲ್ಲಿ ಒಂದು ಡಿಸ್ಕ್ ಕೆಪಾಸಿಟರ್‌ನ ಕಾಲುಗಳೇ ಆಂಟೆನಾ. ಬೆಸುಗೆ ಮುಗಿಸಿ ಬ್ಯಾಟರಿ ಹಾಕಿದ ತಕ್ಷಣ ಕೂಗಿತು. ಬಹಳ ಖುಷಿಯಾಯಿತು. ಅಡುಗೆಮನೆಯಲ್ಲಿ ಮಿಕ್ಸರ್ ಹಾಕಿದರೂ ಕೂಗಿತು. ಫೋನ್ ರಿಂಗ್ ಆಗುವ ಒಂದು ಕ್ಷಣ ಮೊದಲು ಕೂಗಿತು. ಪಕ್ಕದ ಮನೆಯ ಪಂಪ್‌ಸೆಟ್ ಚಾಲೂ ಆದಾಗಲೂ ಕೂಗಿತು. ಎರಡು ಮೂರು ದಿನ ಕಳೆದ ಮೇಲೆ ಯೋಚನೆ ಬಂತು: ಇದು ಕೇಳುತ್ತಿರುವುದು ಏನನ್ನು? ರಾಡಾರ್ ಗನ್ನುಗಳು ಬಳಸುವ ಫ್ರೀಕ್ವೆನ್ಸಿಗಳಲ್ಲಿ ಎಕ್ಸ್ ಬ್ಯಾಂಡ್ 10.525 ಗಿಗಾಹರ್ಟ್ಸ್. ಕೆ ಬ್ಯಾಂಡ್ 24.150. ಕೆಎ ಬ್ಯಾಂಡ್ 33.4ರಿಂದ 36ರ ತನಕ. 1458ರ ಬ್ಯಾಂಡ್‌ವಿಡ್ತ್, ಅಂದರೆ ಅದರ ಕೈಗೆ ಎಟುಕುವ ಫ್ರೀಕ್ವೆನ್ಸಿಯ ಮಿತಿ, ಸುಮಾರು 1 ಮೆಗಾಹರ್ಟ್ಸ್. ಹತ್ತು ಸಾವಿರ ಪಟ್ಟು ವ್ಯತ್ಯಾಸ! ಒಳಗಿನ ಟ್ರಾನ್ಸಿಸ್ಟರ್ ಜಂಕ್ಷನ್ ಯಾವ ಜೋರು ಅಲೆ ಬಂದರೂ ಅದನ್ನು ಚೂರು ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡುತ್ತದೆ. ಆ ಸರ್ಕ್ಯೂಟ್ ನಂಬಿರುವುದು ಅದನ್ನೇ. ಮೊಬೈಲ್ ಯಾವುದು, ರಾಡಾರ್ ಯಾವುದು ಅಂತ ಬೇರೆ ಮಾಡಿ ನೋಡುವ ದಾರಿ ಅದಕ್ಕಿಲ್ಲ.

ನನಗೂ ಇರಲಿಲ್ಲ. ಯಾಕೆಂದರೆ ನನ್ನ ಹತ್ತಿರ ರಾಡಾರೇ ಇರಲಿಲ್ಲ. ಡಿಟೆಕ್ಟರ್ ಸರಿ ಇದೆಯೋ ಇಲ್ಲವೋ ನೋಡಬೇಕಾದರೆ, ಬೇಕೆಂದಾಗ ಹಚ್ಚಿ ಆರಿಸುವ ಒಂದು ರಾಡಾರ್ ನಿಮ್ಮ ಕೈಯಲ್ಲೇ ಇರಬೇಕು. ಅದಕ್ಕೇ ಮೊದಲು ಅದನ್ನು ಮಾಡಿ ಅನ್ನುತ್ತಿರುವುದು.

ಎಚ್‌ಬಿ100 ಅಂತ ಒಂದು ಪುಟ್ಟ ರಾಡಾರ್ ಮಾಡ್ಯೂಲ್ ಬರುತ್ತದೆ. ಕೆಲವು ನೂರು ರೂಪಾಯಿ, ಆನ್‌ಲೈನ್‌ನಲ್ಲಿ ತರಿಸಬೇಕು. ಉಳಿದ ಐಸಿ, ರೆಸಿಸ್ಟರ್ ಎಲ್ಲ ಹುಬ್ಬಳ್ಳಿ ಅಂಗಡಿಗಳಲ್ಲೇ ಸಿಗುತ್ತವೆ. ಎಚ್‌ಬಿ100 ಕೆಲಸ ಮಾಡುವುದು ಸರಿಯಾಗಿ 10.525 ಗಿಗಾಹರ್ಟ್ಸ್‌ನಲ್ಲಿ. ಅಲೆ ಕಳಿಸುತ್ತದೆ, ಮರಳಿ ಬಂದದ್ದನ್ನು ಕಳಿಸಿದ್ದರ ಜೊತೆ ಬೆರೆಸಿ ಎರಡರ ಫ್ರೀಕ್ವೆನ್ಸಿಯ ವ್ಯತ್ಯಾಸವನ್ನು ಹೊರಗೆ ಕೊಡುತ್ತದೆ. ಅದೇ ಡಾಪ್ಲರ್ ಫ್ರೀಕ್ವೆನ್ಸಿ. ಎದುರಿಗಿರುವುದು ಗಂಟೆಗೆ 1 ಕಿ.ಮೀ. ವೇಗದಲ್ಲಿ ಬಂದರೆ 19.49 ಹರ್ಟ್ಸ್. 40 ಕಿ.ಮೀ. ಅಂದರೆ 780 ಹರ್ಟ್ಸ್. ಕಿವಿಗೆ ಕೇಳುವ ಸದ್ದು ಅದು, ಎಷ್ಟು ಚೆಂದ ಅಲ್ವಾ? ಆದರೆ ಬರುವುದು ಮೈಕ್ರೋವೋಲ್ಟ್‌ಗಳಲ್ಲಿ. ಅದನ್ನು ದೊಡ್ಡದು ಮಾಡಲು ಎಲ್‌ಎಂ358 ಆಂಪ್ಲಿಫೈಯರ್ ಐಸಿಯ ಎರಡು ಹಂತ ಬೇಕು, ಒಂದೊಂದು ನೂರು ಪಟ್ಟು. 7805 (5 ವೋಲ್ಟ್ ರೆಗ್ಯುಲೇಟರ್ ಐಸಿ) ಹಾಕಿ ಬ್ಯಾಟರಿಯಿಂದಲೇ 5 ವೋಲ್ಟ್ ಕೊಡಿ. ಮೊಬೈಲ್ ಚಾರ್ಜರ್ ಬೇಡ, ಅದರ ಗದ್ದಲವೂ ಹತ್ತು ಸಾವಿರ ಪಟ್ಟು ದೊಡ್ಡದಾಗುತ್ತದೆ. ಮಲ್ಟಿಮೀಟರ್ ಅನ್ನು ಓಮ್ಸ್‌ನಲ್ಲಿಟ್ಟು ಎಚ್‌ಬಿ100ರ ಔಟ್‌ಪುಟ್ ಪಿನ್ ಮುಟ್ಟಬೇಡಿ. ಒಳಗೆ ಅಲೆ ಬೆರೆಸುವ ಮಿಕ್ಸರ್ ಡಯೋಡ್ ಬಹಳ ನಾಜೂಕು. ನನ್ನ ಮೊದಲ ಮಾಡ್ಯೂಲ್ ಹೋಗಿದ್ದು ಹಾಗೇ.

ರಾತ್ರಿ ಹೆಡ್‌ಫೋನ್ ಹಾಕಿ ಕೂತರೆ ಒಂದು ವಿಚಿತ್ರ ಕೇಳಿಸುತ್ತದೆ. ಕೋಣೆಯಲ್ಲಿ ಏನೂ ಅಲುಗುತ್ತಿಲ್ಲ, ಆದರೂ 100 ಹರ್ಟ್ಸ್‌ನ ಗುಂಯ್ ಅನ್ನೋ ಸದ್ದು. ಲೆಕ್ಕ ಹಾಕಿದರೆ ಯಾರೋ ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದು ಬರುತ್ತಿದ್ದಾರೆ! ಅದು ಹಳೇ ಟ್ಯೂಬ್‌ಲೈಟ್. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಟ್ಯೂಬ್ ಒಳಗಿನ ಅನಿಲ ಸೆಕೆಂಡಿಗೆ 100 ಸಲ ಹೊತ್ತಿ ಮಂಕಾಗುತ್ತದೆ, ಅಷ್ಟೇ ಸಲ ಮೈಕ್ರೋವೇವ್ ಅನ್ನು ಹೆಚ್ಚು ಕಡಿಮೆ ವಾಪಸ್ ಕಳಿಸುತ್ತದೆ. ದೀಪ ಆರಿಸಿ, ಸದ್ದು ನಿಲ್ಲುತ್ತದೆ.

ನಮ್ಮ ಮನೆ ಉಣಕಲ್ ಕಡೆ. ಮಾಳಿಗೆಯಿಂದ ಚಿಗರಿ ಬಸ್‌ನ (ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಸ್) ದಾರಿ ಕಾಣುತ್ತದೆ. ಇಂಥ ಪ್ರಯೋಗಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೇರೆ ಗಾಡಿ ಅಡ್ಡ ಬರಲ್ಲ, ಬಸ್ ದೊಡ್ಡದು, ಹತ್ತು ನಿಮಿಷ ಕಾದರೆ ಇನ್ನೊಂದು ಬರುತ್ತದೆ. ಮಾಡ್ಯೂಲ್ ಮುಂದೆ ತಗಡಿನ ಹಾರ್ನ್ (ಅಲೆಯನ್ನು ಒಂದೇ ಕಡೆಗೆ ಕೂಡಿಸುವ, ಕಹಳೆಯ ಬಾಯಿಯಂಥ ಆಂಟೆನಾ) ಇಟ್ಟು ದಾರಿಯ ಕಡೆ ತಿರುಗಿಸಿದೆ. ಆಂಪ್ಲಿಫೈಯರ್‌ನ ಔಟ್‌ಪುಟ್ ಲ್ಯಾಪ್‌ಟಾಪ್‌ಗೆ ಕೊಟ್ಟು ಫ್ರೀಕ್ವೆನ್ಸಿ ನೋಡುತ್ತಿದ್ದೆ. ತಮ್ಮ ಬಸ್ಸಿನೊಳಗೆ ಕೂತು ಫೋನಿನ ಜಿಪಿಎಸ್ ನೋಡಿ ವೇಗ ಹೇಳಬೇಕು. "ಅಣ್ಣಾ, ಈಗ ನಲವತ್ತೆರಡು ಐತಿ" ಅಂದ. ನನ್ನ ಪರದೆಯಲ್ಲಿ 702 ಹರ್ಟ್ಸ್, ಅಂದರೆ 36 ಕಿ.ಮೀ. ನಾಲ್ಕು ಬಸ್ಸಿಗೂ ಹೀಗೇ, ಪ್ರತಿ ಸಲ ಕಡಿಮೆ. ಸರ್ಕ್ಯೂಟ್ ಕೆಟ್ಟಿದೆ ಅಂದುಕೊಂಡು ಅದನ್ನೆಲ್ಲ ಬಿಚ್ಚಿದೆ. ಕೆಟ್ಟಿರಲಿಲ್ಲ. ನನ್ನ ಹಾರ್ನ್ ಬಸ್ಸಿಗೆ ನೇರ ಎದುರಿಗಿರಲಿಲ್ಲ, ಸುಮಾರು 30 ಡಿಗ್ರಿ ಓರೆಯಾಗಿತ್ತು. ರಾಡಾರ್‌ಗೆ ಕಾಣುವುದು ತನ್ನ ಕಡೆಗೆ ಬರುವ ವೇಗ ಮಾತ್ರ. 42 ಅನ್ನು 30 ಡಿಗ್ರಿಯ ಕೊಸೈನ್‌ನಿಂದ ಗುಣಿಸಿ, 36 ಬರುತ್ತದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ಕೊಸೈನ್ ಅವತ್ತು ನನಗೆ ಚಿಗರಿ ಬಸ್‌ನಲ್ಲಿ ಸಿಕ್ಕಿತು. ಬಸ್ ಸರಿಯಾಗಿ ಮುಂದೆ ಹಾದುಹೋಗುವಾಗ ಸದ್ದು ಇಳಿಯುತ್ತಾ ಇಳಿಯುತ್ತಾ ಇಲ್ಲವೇ ಆಗುತ್ತದೆ, ಆಮೇಲೆ ಮತ್ತೆ ಏರುತ್ತದೆ. ಇದನ್ನು ಒಂದು ಸಲ ಕಿವಿಯಾರೆ ಕೇಳಿ.

ಈಗ ನಿಮ್ಮ ಡಿಟೆಕ್ಟರ್.

ಅದಕ್ಕೆ ಬೇಕಾಗಿದ್ದು ಮೂರೇ: ಹಾರ್ನ್, ಡಯೋಡ್, ಅದೇ ಎಲ್‌ಎಂ358. ಹಾರ್ನ್‌ಗೆ ಎಣ್ಣೆ ಡಬ್ಬಿಯ ತಗಡು ಸಾಕು. ದುರ್ಗದಬೈಲ್ ಕಡೆ ತಗಡಿನ ಕೆಲಸ ಮಾಡುವ ಕಾಕಾ ಒಬ್ಬರಿಗೆ ಅಳತೆ ಕೊಟ್ಟೆ. "ಮಿಲಿಮೀಟರ್ ಬ್ಯಾಡ್ರಿ, ರಟ್ಟಿನಾಗ ಕತ್ತರಿಸಿ ತರ್ರಿ, ಹಂಗ ಮಾಡಿಕೊಡ್ತೀನಿ" ಅಂದರು. ಒಳ್ಳೆಯ ಸಲಹೆ ಅದು, ನೀವೂ ರಟ್ಟಿನ ಮಾದರಿ ಮಾಡಿಕೊಂಡು ಹೋಗಿ. ಹಿಂದಿನ ಕೊಳವೆಯ ಒಳ ಅಳತೆ 23×10 ಮಿ.ಮೀ. ಎಕ್ಸ್ ಬ್ಯಾಂಡ್ ವೇವ್‌ಗೈಡ್‌ನ (ಅಲೆ ಸಾಗಿಸುವ ಲೋಹದ ಕೊಳವೆ) ಅಳತೆಯೇ ಹೆಚ್ಚುಕಡಿಮೆ ಅದು: 22.86×10.16. ಇದರಲ್ಲಿ 6.557 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಒಳಗೆ ಸಾಗುವುದೇ ಇಲ್ಲ. ಮೊಬೈಲ್, ವೈಫೈ ಎಲ್ಲ ಬಾಗಿಲಲ್ಲೇ ನಿಲ್ಲುತ್ತವೆ. 1458ಕ್ಕೆ ಇಲ್ಲದೇ ಇದ್ದದ್ದು ಇದು. ಕೊಳವೆಯಿಂದ ಮುಂದಕ್ಕೆ 100 ಮಿ.ಮೀ. ಉದ್ದದಲ್ಲಿ ಅಗಲವಾಗುತ್ತಾ ಬಾಯಿ 80×60 ಮಿ.ಮೀ. ಆಗಲಿ. ಸುಮಾರು 15 ಡೆಸಿಬಲ್ ಗೇನ್ ಸಿಗುತ್ತದೆ, ಅಂದರೆ ಎದುರಿನಿಂದ ಬರುವ ಅಲೆಯ ಶಕ್ತಿ ಸುಮಾರು 30 ಪಟ್ಟು.

ಕೊಳವೆಯ ಹಿಂದಿನ ತುದಿ ಪೂರ್ತಿ ಮುಚ್ಚಿ. ಆ ಗೋಡೆಯಿಂದ 9 ಮಿ.ಮೀ. ಮುಂದೆ, ಅಗಲದ ಬದಿಯ ನಟ್ಟನಡುವೆ, ಮೇಲಿನಿಂದ ಕೆಳಕ್ಕೆ ಡಯೋಡ್ ನಿಲ್ಲಬೇಕು. ಒಂದು ಕಾಲು ತಗಡಿಗೆ ಬೆಸುಗೆ. ಇನ್ನೊಂದು ಕಾಲು ತಗಡಿಗೆ ತಾಗದ ಹಾಗೆ ತೂತಿನಿಂದ ಹೊರಗೆ. 9 ಮಿ.ಮೀ. ಯಾಕೆಂದರೆ ಕೊಳವೆಯೊಳಗೆ ಈ ಅಲೆಯ ಉದ್ದ ಸುಮಾರು 36 ಮಿ.ಮೀ., ಅದರ ಕಾಲು ಭಾಗ. ಮಾಮೂಲಿ 1ಎನ್4148 ಡಯೋಡ್ ಹಾಕಿದರೆ ಏನೂ ಬರುವುದಿಲ್ಲ. ಎಸ್‌ಎಂಎಸ್7630 ತರಹದ ಮೈಕ್ರೋವೇವ್ ಶಾಟ್ಕಿ ಡಯೋಡ್ ಬೇಕು. ಕಾಲೇಜಿನ ಮೈಕ್ರೋವೇವ್ ಲ್ಯಾಬ್‌ನಲ್ಲಿ ಕ್ಲೈಸ್ಟ್ರಾನ್ ಬೆಂಚ್ (ಮೈಕ್ರೋವೇವ್ ಹುಟ್ಟಿಸಿ ಅಳೆಯುವ ಸಾಧನ) ಇದ್ದರೆ, ಅದರ ತುದಿಯ ಡಿಟೆಕ್ಟರ್ ಮೌಂಟ್ ಬಿಚ್ಚಿ ತೋರಿಸಿ ಅಂತ ಮೇಷ್ಟ್ರನ್ನು ಕೇಳಿ. ನಾವು ತಗಡಿನಲ್ಲಿ ಮಾಡುತ್ತಿರುವುದು ಅದನ್ನೇ.

ಡಯೋಡ್ ಕೊಡುವುದು ಡಿಸಿ. ಇಷ್ಟು ಸಣ್ಣ ಡಿಸಿಯನ್ನು ದೊಡ್ಡದು ಮಾಡಲು ಹೋದರೆ ಎಲ್‌ಎಂ358ರ ಔಟ್‌ಪುಟ್ ತಾನೇ ಅತ್ತಿತ್ತ ಜಾರುತ್ತದೆ. ಅದಕ್ಕೆ ಎಚ್‌ಬಿ100ರ ಕರೆಂಟನ್ನೇ ಸೆಕೆಂಡಿಗೆ ಸಾವಿರ ಸಲ ಹಾಕಿ ತೆಗೆಯಿರಿ. ಆಗ ಡಯೋಡ್‌ನಿಂದ 1 ಕಿಲೋಹರ್ಟ್ಸ್‌ನ ಸದ್ದು ಬರುತ್ತದೆ. ಲ್ಯಾಬ್‌ನ ಬೆಂಚಿನಲ್ಲೂ ಇದೇ ಉಪಾಯ. ಇದಕ್ಕೆ 7555 ಟೈಮರ್ ಐಸಿ ಮತ್ತು ಒಂದು ಬಿಸಿ327 ಟ್ರಾನ್ಸಿಸ್ಟರ್ ಸಾಕು. ಮಾಮೂಲಿ 555 ಬೇಡ. ಅದರ ಔಟ್‌ಪುಟ್ ಪೂರ್ತಿ 5 ವೋಲ್ಟ್‌ಗೆ ಏರಲ್ಲ, ಟ್ರಾನ್ಸಿಸ್ಟರ್ ಆಫ್ ಆಗಲ್ಲ. ಒಂದು ಭಾನುವಾರ ಪೂರ್ತಿ ನನಗೆ ಇದಕ್ಕೇ ಹೋಯಿತು.

ಸದ್ದು ಬಂತು ಅಂದ ಮಾತ್ರಕ್ಕೆ ನಂಬಬೇಡಿ. ಎಚ್‌ಬಿ100 ಅನ್ನು ಇದ್ದ ಜಾಗದಲ್ಲೇ ಚಕ್ರದ ಹಾಗೆ 90 ಡಿಗ್ರಿ ತಿರುಗಿಸಿ. ಈ ಅಲೆ ಒಂದೇ ದಿಕ್ಕಿಗೆ ಅಲುಗುವಂಥದ್ದು, ಡಯೋಡ್ ಹಿಡಿಯುವುದೂ ತನ್ನ ದಿಕ್ಕಿನದ್ದನ್ನೇ, ಹಾಗಾಗಿ ಸದ್ದು ಅಡಗಬೇಕು. ಅಡಗಿದರೆ ನಿಮ್ಮ ಡಿಟೆಕ್ಟರ್ ಕೇಳುತ್ತಿರುವುದು ನಿಜವಾಗಿ ಆ ಅಲೆಯನ್ನೇ, ತಂತಿಯಿಂದ ನುಸುಳಿದ ಗದ್ದಲವನ್ನಲ್ಲ. ರಟ್ಟಿನ ಮೇಲೆ 5 ಮಿ.ಮೀ. ಅಗಲದ ಅಲ್ಯೂಮಿನಿಯಂ ಫಾಯಿಲ್ ಪಟ್ಟಿಗಳನ್ನು ಅಷ್ಟಷ್ಟೇ ಜಾಗ ಬಿಟ್ಟು ಅಂಟಿಸಿ, ನಡುವೆ ಹಿಡಿದು ತಿರುಗಿಸಿ. ಒಂದು ದಿಕ್ಕಿನಲ್ಲಿ ಅಲೆ ದಾಟುತ್ತದೆ, ಇನ್ನೊಂದರಲ್ಲಿ ದಾಟಲ್ಲ. 1890ರ ದಶಕದಲ್ಲಿ ಕಲ್ಕತ್ತಾದಲ್ಲಿ ಜಗದೀಶ್ ಚಂದ್ರ ಬೋಸ್ ಇದೇ ಜಾತಿಯ ಪ್ರಯೋಗ ಮಾಡಿದ್ದರು. ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತಗಡಿನ ತೆಳು ಹಾಳೆ ಇಟ್ಟು ಅಲೆಯನ್ನು ಸೋಸಿದರು. ಹಾರ್ನ್ ಅವರದ್ದು, ಹರಳಿನ ಡಿಟೆಕ್ಟರ್ ಅವರದ್ದು. ಅವರ ಗ್ಯಾಲೀನಾ (ಸೀಸದ ಅದಿರಿನ ಹರಳು) ಡಿಟೆಕ್ಟರ್‌ಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಎಣ್ಣೆ ಡಬ್ಬಿಯ ಹಾರ್ನ್ ಕೈಯಲ್ಲಿ ಹಿಡಿದಾಗ ನನಗೆ ಪ್ರತಿ ಸಲ ಅವರ ನೆನಪಾಗುತ್ತದೆ.

ನನ್ನದು ಮಾಳಿಗೆಯ ಈ ತುದಿಯಿಂದ ಆ ತುದಿಗೆ, ಸುಮಾರು 12 ಮೀಟರ್, ಚೆನ್ನಾಗಿ ಕೇಳಿಸಿತು. ಕೊಂಡು ತರುವ ಡಿಟೆಕ್ಟರ್‌ಗಳು ಬಹಳ ದೂರದಿಂದ ಹಿಡಿಯುವುದಕ್ಕೆ ಎರಡು ಕಾರಣ. ಅವುಗಳಲ್ಲಿ ಸ್ವಂತ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ಇರುತ್ತದೆ, ರೇಡಿಯೋ ಸೆಟ್‌ನ ಹಾಗೆ ಬಂದ ಅಲೆಯನ್ನು ಅದರ ಜೊತೆ ಬೆರೆಸಿ ಫ್ರೀಕ್ವೆನ್ಸಿಯನ್ನು ಕೆಳಗಿಳಿಸುತ್ತವೆ. ಮತ್ತೆ, ಗನ್ ತನ್ನ ಪ್ರತಿಧ್ವನಿಗಾಗಿ ಹೋಗಿ ಬರುವ ಎರಡೂ ದಾರಿ ಕಾಯಬೇಕು. ಡಿಟೆಕ್ಟರ್‌ಗೆ ಹೋಗುವ ದಾರಿ ಒಂದೇ ಸಾಕು. ದೂರ ಎರಡು ಪಟ್ಟಾದರೆ ಡಿಟೆಕ್ಟರ್‌ಗೆ ಬರುವ ಶಕ್ತಿ ನಾಲ್ಕನೇ ಒಂದು ಪಾಲು ಆಗುತ್ತದೆ, ಗನ್ನಿಗೆ ಮರಳುವುದು ಹದಿನಾರನೇ ಒಂದು ಪಾಲು.

ಡಯೋಡ್ ಎರಡೋ ಮೂರೋ ತರಿಸಿಕೊಳ್ಳಿ. ಸಾಸಿವೆ ಕಾಳಿನಷ್ಟು ಇರುತ್ತದೆ, ಬೆಸುಗೆ ಹಾಕುವಾಗ ಮೊದಲನೆಯದು ಹೋಗಬಹುದು. ಸೋಲ್ಡರಿಂಗ್ ಐರನ್‌ಗೆ ಅರ್ಥಿಂಗ್ ಇರಲಿ. ತಗಡಿನ ಬೆಸುಗೆಯನ್ನೆಲ್ಲ ಮುಗಿಸಿ, ಅದು ಪೂರ್ತಿ ಆರಿದ ಮೇಲೆ ಕೊನೆಯಲ್ಲಿ ಡಯೋಡ್ ಕೂರಿಸಿ.