ಮೆಕ್ಯಾನಿಕಲ್ ಓದಿದವರು ಇಂಧನ ನೀತಿಯ ಕಡೆಗೆ ಬರಬಹುದೇ?

ಮಂಗಳೂರಿನಲ್ಲಿ ಮೂರನೇ ವರ್ಷದ ಮೆಕ್ಯಾನಿಕಲ್ ಓದುತ್ತಿದ್ದೀರಿ, ಮನಸ್ಸು ಇಂಧನ ಮತ್ತು ಪರಿಸರ ನೀತಿಯ ಕಡೆಗೆ ಎಳೆಯುತ್ತಿದೆ. ಆ ಕಡೆ ಹೊರಳಿದರೆ ಇಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುವುದೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ನಾನು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಓದಿದವನು; ಈಗ ಪಾಠ, ಸಂಶೋಧನೆ ಎಲ್ಲವೂ ವಿದ್ಯುತ್ ನೀತಿಯ ಬಗ್ಗೆ. ಶಾಖ ಮತ್ತು ಶಕ್ತಿಯ ಶಾಸ್ತ್ರವಾದ ಥರ್ಮೊಡೈನಮಿಕ್ಸ್ ಗೊತ್ತಿಲ್ಲದಿದ್ದರೆ ನನ್ನ ಕೆಲಸ ಒಂದು ದಿನವೂ ಸಾಗದು.

ನನ್ನ ಊರು ಪಡುಬಿದ್ರಿಯ ಹತ್ತಿರ. ಪಕ್ಕದ ಯೆಲ್ಲೂರಿನಲ್ಲಿ 600 ಮೆಗಾವಾಟ್‌ನ ಎರಡು ಘಟಕಗಳಿರುವ ಕಲ್ಲಿದ್ದಲು ಸ್ಥಾವರವಿದೆ. ಇಂಥ ಕಡೆ ಸುಟ್ಟ ಶಾಖದಲ್ಲಿ ಮೂರನೇ ಒಂದು ಪಾಲಿನ ಆಸುಪಾಸು ಮಾತ್ರ ವಿದ್ಯುತ್ತಾಗುತ್ತದೆ ಎಂಬುದು, ಉಗಿಯಿಂದ ಯಂತ್ರ ಓಡಿಸುವ ಬಗೆಯಾದ ರ‍್ಯಾಂಕಿನ್ ಚಕ್ರ ಕಲಿತ ನಿಮಗೆ ಗೊತ್ತು. ಆದರೆ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬಂದಿಳಿಯುವ ಕಲ್ಲಿದ್ದಲಿನ ಬೆಲೆ ಏರಿದರೆ ಹೊರೆ ಯಾರ ಬಿಲ್ಲಿಗೆ ಬೀಳುತ್ತದೆ? ಸ್ಥಾವರದಿಂದ ಬೆಳೆ ಕೆಡುತ್ತಿದೆ ಎಂಬ ಮಲ್ಲಿಗೆ ಬೆಳೆಯುವವರ ದೂರನ್ನು ಯಾರು, ಯಾವ ಅಳತೆಯಿಂದ ಪರಿಶೀಲಿಸಬೇಕು? ನನ್ನ ಪಠ್ಯದಲ್ಲಿ ಇವಕ್ಕೆ ಜಾಗವಿರಲಿಲ್ಲ. ಉತ್ತರ ಹುಡುಕುತ್ತಾ 2003ರ ವಿದ್ಯುಚ್ಛಕ್ತಿ ಕಾಯ್ದೆ, 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ, ವಿದ್ಯುತ್ ಖರೀದಿ ಒಪ್ಪಂದಗಳನ್ನು ಓದತೊಡಗಿದೆ. ಮತ್ತೆ ಹಿಂದಿರುಗುವ ಮನಸ್ಸಾಗಲಿಲ್ಲ.

ನಮ್ಮ ಕಡೆ ವಿದ್ಯುತ್ ವಿತರಿಸುವ ಕಂಪನಿ ಮೆಸ್ಕಾಂ, ದರ ನಿಗದಿ ಮಾಡುವ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸಲ್ಲಿಸುವ ದರ ಪರಿಷ್ಕರಣೆಯ ಅರ್ಜಿಯನ್ನು ಒಮ್ಮೆ ತೆರೆದು, ನೀರಾವರಿ ಪಂಪ್‌ಸೆಟ್‌ಗಳ ಸಾಲಿನ ಮೇಲೆ ಬೆರಳಿಡಿ. 10 ಅಶ್ವಶಕ್ತಿಯವರೆಗಿನ ಪಂಪಿಗೆ ರೈತರು ಹಣ ಕಟ್ಟಬೇಕಿಲ್ಲ. ರಾಜ್ಯದ ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರೂ ಇಲ್ಲ. ಹಾಗಾಗಿ ಇಂಥ ಪಂಪುಗಳ ಬಳಕೆಯನ್ನು ಅಂದಾಜಿಸಿಯೇ ಬರೆಯುತ್ತಾರೆ. ಅಂದಾಜು ಏರಿದರೆ ಸರ್ಕಾರದ ಸಬ್ಸಿಡಿಯೂ ಏರುತ್ತದೆ, ದಾರಿಯಲ್ಲಿ ಸೋರಿಹೋದ ವಿದ್ಯುತ್ತೂ ಪಂಪಿನ ಲೆಕ್ಕಕ್ಕೆ ಸೇರಿ ವಿತರಣಾ ನಷ್ಟ ಕಾಗದದ ಮೇಲೆ ಇಳಿಯುತ್ತದೆ. ಅಷ್ಟು ಯೂನಿಟ್ ಸುಡಲು ಒಂದು ಪಂಪು ವರ್ಷಕ್ಕೆ ಎಷ್ಟು ಗಂಟೆ ಓಡಬೇಕು, ಮಳೆಗಾಲವಿಡೀ ಅಡಿಕೆ ತೋಟಕ್ಕೆ ನೀರು ಹಾಯಿಸದ ನಮ್ಮ ಕರಾವಳಿಯಲ್ಲಿ ಅದು ನಂಬುವಂಥದ್ದೇ? ಈ ಲೆಕ್ಕ ನಿಮಗೆ ಹತ್ತು ನಿಮಿಷದ ಕೆಲಸ. ಬರೀ ಕಾನೂನು ಓದಿದವರಿಗೆ ಅಷ್ಟು ಸುಲಭವಲ್ಲ. ಮೀಟರ್ ಅಳವಡಿಕೆ ಏಕೆ ಮುಂದೆ ಸಾಗುವುದಿಲ್ಲ ಎಂಬುದಕ್ಕೆ ಮಾತ್ರ ನೀವು ಅರ್ಥಶಾಸ್ತ್ರವನ್ನೂ ರಾಜಕೀಯವನ್ನೂ ಕಲಿಯಬೇಕು.

ಅಮೂಲ್ಯ ರೆಡ್ಡಿಯವರ ಬರಹಗಳನ್ನು ತಪ್ಪದೇ ಓದಿ. ಅವರು ವಿದ್ಯುತ್ ರಸಾಯನ ವಿಜ್ಞಾನಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದವರು. ಕರ್ನಾಟಕಕ್ಕೆ ಮುಂದೆ ಎಷ್ಟು ವಿದ್ಯುತ್ ಬೇಕು ಎಂಬ ಸರ್ಕಾರಿ ಮುನ್ನಂದಾಜು ಬಂದಾಗ, ಅವರೂ ಸಂಗಡಿಗರೂ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿದರು: ಜನರಿಗೆ ಎಷ್ಟು ಬೆಳಕು ಬೇಕು, ಎಷ್ಟು ನೀರೆತ್ತಬೇಕು, ಅದನ್ನು ದಕ್ಷ ಸಾಧನಗಳಿಂದ ಮಾಡಿದರೆ ಎಷ್ಟು ಸಾಕು? ಬೇಡಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಎಂಜಿನಿಯರಿಂಗ್ ತಿಳಿದವರ ನೀತಿ ಸಂಶೋಧನೆ ಹೇಗಿರಬೇಕು ಎಂಬುದಕ್ಕೆ ನನಗೆ ಇಂದಿಗೂ ಅದೇ ಮಾದರಿ.

ಓದಿನ ದಾರಿಗಳು ಈಗ ಸಾಕಷ್ಟಿವೆ. ಬಾಂಬೆ ಮತ್ತು ದೆಹಲಿ ಐಐಟಿಗಳಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ. ಅಧ್ಯಾಪಕರಾಗಬೇಕಿದ್ದರೆ ಪಿಎಚ್‌ಡಿ ಮಾಡುವುದು ಒಳ್ಳೆಯದು. ಸಂಬಳ ಸಾಫ್ಟ್‌ವೇರಿನವರಷ್ಟು ಬೇಗ ಏರುವುದಿಲ್ಲ; ಮನೆಯಲ್ಲಿ ಅದನ್ನು ಮೊದಲೇ ಹೇಳಿಬಿಡಿ.

ಪದವಿ ಮುಗಿಯುವವರೆಗೂ ಕಾಯಬೇಕಿಲ್ಲ. ದರ ಅರ್ಜಿಯ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಸಾರ್ವಜನಿಕರು ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು, ವಿಚಾರಣೆಯಲ್ಲಿ ಮಾತನಾಡಬಹುದು. ಮುಂದಿನ ಬಾರಿ ಪಂಪ್‌ಸೆಟ್‌ನ ಆ ಒಂದು ಸಾಲಿನ ಮೇಲೆ ಎರಡು ಪುಟ ಬರೆದು, ಲೆಕ್ಕದ ಹಾಳೆಯನ್ನೂ ಲಗತ್ತಿಸಿ ಕೊಡಿ.