ಆಗಸ್ಟ್‌ನಲ್ಲಿ ವಯಸ್ಸಾದವರೊಂದಿಗೆ ಬೆಂಗಳೂರಿನಿಂದ ಜೋಗಕ್ಕೆ: ರೈಲೇ, ಬಸ್ಸೇ, ಸ್ವಂತ ಕಾರೇ?

ಎಪ್ಪತ್ತು ದಾಟಿದ, ಮಂಡಿನೋವಿರುವ ತಂದೆ ತಾಯಿಯರನ್ನು ಕರೆದುಕೊಂಡು ಆಗಸ್ಟ್ ತಿಂಗಳ ಎರಡು ದಿನದ ರಜೆಯಲ್ಲಿ ಜೋಗ ನೋಡಲು ಬರಬೇಕೆಂದಿದ್ದೀರಿ. ಸ್ವಂತ ಕಾರು, ಬಸ್ಸು, ರೈಲು ಇವುಗಳಲ್ಲಿ ಯಾವುದು ಅನುಕೂಲ ಎಂದು ಕೇಳಿದ್ದೀರಿ. ನಾನು ಸಾಗರದವನು. ಮಳೆಗಾಲದಲ್ಲಿ ನಮ್ಮ ಮನೆಗೆ ಬರುವ ನೆಂಟರಿಗೆಲ್ಲ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ರಾತ್ರಿ ರೈಲಿನಲ್ಲಿ ಸಾಗರದವರೆಗೆ ಬನ್ನಿ, ಅಲ್ಲಿಂದ ಮುಂದಿನ ಸುಮಾರು 30 ಕಿಲೋಮೀಟರಿಗೆ ಇಲ್ಲಿನದೇ ಬಾಡಿಗೆ ಕಾರು ಮಾಡಿಕೊಳ್ಳಿ.

ಮೈಸೂರಿನಿಂದ ಹೊರಟು ಬೆಂಗಳೂರಿನ ಮೂಲಕ ತಾಳಗುಪ್ಪಕ್ಕೆ ಬರುವ ರಾತ್ರಿ ರೈಲು ಬೆಳಗಿನ ಜಾವ ಶಿವಮೊಗ್ಗ ದಾಟಿ, ಬೆಳಕು ಹರಿಯುವ ಹೊತ್ತಿಗೆ ಸಾಗರ ತಲುಪುತ್ತದೆ. ಶಿವಮೊಗ್ಗದಿಂದ ಈಚೆಗಿನ ಹಳಿ 2011ರಲ್ಲಿ ಬ್ರಾಡ್‌ಗೇಜ್ ಆಗುವ ಮೊದಲು ನಮಗೆ ಈ ಸೌಕರ್ಯ ಇರಲಿಲ್ಲ. ಟಿಕೆಟ್ ಮಾಡುವಾಗ ನಿಲ್ದಾಣದ ಹೆಸರು 'ಸಾಗರ ಜಂಬಗಾರು' ಎಂದಿರುವುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಮಧ್ಯಪ್ರದೇಶದಲ್ಲಿಯೂ ಇದೇ ಹೆಸರಿನ ಊರೊಂದಿದೆ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ರಜೆಯ ಹಿಂದಿನ ರಾತ್ರಿಯ ಬರ್ತ್‌ಗಳು ಬೇಗ ಮುಗಿಯುವುದರಿಂದ ತತ್ಕಾಲ್ ನಂಬಿ ಕೂರಬೇಡಿ. ಇನ್ನೊಂದು ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಹಿರಿಯರಿಗೆ ಕೆಳಬರ್ತ್ ಕೊಡುವ ಕೋಟಾ ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರೇ ಇದ್ದಾಗ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಇಡೀ ಸಂಸಾರವನ್ನು ಒಂದೇ ಟಿಕೆಟಿಗೆ ಸೇರಿಸದೆ, ನಿಮ್ಮ ತಂದೆ ತಾಯಿಯವರಿಗೆ ಬೇರೆಯೇ ಟಿಕೆಟ್ ಮಾಡಿಸಿ. ಮಂಡಿನೋವಿನವರು ಮೇಲಿನ ಬರ್ತ್ ಹತ್ತುವ ಕಷ್ಟವನ್ನು ನನ್ನ ಅಮ್ಮನಲ್ಲಿ ನೋಡಿದ್ದೇನೆ.

ನಕ್ಷೆ ನೋಡಿದರೆ ಕೊನೆಯ ನಿಲ್ದಾಣವಾದ ತಾಳಗುಪ್ಪವೇ ಜೋಗಕ್ಕೆ ಹತ್ತಿರ, ಹದಿನೈದು ಕಿಲೋಮೀಟರಿನ ಆಸುಪಾಸು. ಆದರೂ ಸಾಗರದಲ್ಲಿಯೇ ಇಳಿಯಿರಿ ಎನ್ನುತ್ತೇನೆ. ತಾಳಗುಪ್ಪ ಸಣ್ಣ ಊರು. ಮೊದಲೇ ಹೇಳಿಟ್ಟ ವಾಹನ ಇಲ್ಲದಿದ್ದರೆ ಸುರಿಯುವ ಮಳೆಯಲ್ಲಿ ಹಿರಿಯರನ್ನು ಕೂರಿಸಿಕೊಂಡು ಕಾಯಬೇಕಾಗುತ್ತದೆ. ಸಾಗರದಲ್ಲಾದರೆ ಲಾಡ್ಜಿನಲ್ಲಿ ಬಿಸಿನೀರಿನ ಸ್ನಾನ ಮುಗಿಸಿ, ತಿಂಡಿ ತಿಂದು, ನಿಧಾನವಾಗಿ ಹೊರಡಬಹುದು. ಬಾಡಿಗೆ ಕಾರಿನವರೊಂದಿಗೆ ದಿನದ ಲೆಕ್ಕದಲ್ಲಿ ಮಾತಾಡಿ, ಕಾಯುವ ಹೊತ್ತಿಗೆ ಬೇರೆ ದುಡ್ಡು ಇದೆಯೇ ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.

ಸ್ವಂತ ಕಾರಿನ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಹಿರಿಯರಿಗೆ ಬೇಕಾದಲ್ಲಿ ನಿಲ್ಲಿಸಬಹುದು, ಸಾಮಾನು ಹೊರುವ ತೊಂದರೆ ಇಲ್ಲ. ಆದರೆ ಬೆಂಗಳೂರಿನಿಂದ ಜೋಗಕ್ಕೆ ಸುಮಾರು 400 ಕಿಲೋಮೀಟರ್, ಎರಡು ದಿನದಲ್ಲಿ ಹೋಗಿಬರುವುದೆಂದರೆ ಓಡಿಸುವವರಿಗೆ ರಜೆಯೇ ಸಿಗುವುದಿಲ್ಲ. ಅದಕ್ಕಿಂತ ನನಗೆ ಅಂಜಿಕೆ ಇರುವುದು ರಾತ್ರಿ ಪ್ರಯಾಣದ ಬಗ್ಗೆ. ಒಂದು ಆಗಸ್ಟ್‌ನಲ್ಲಿ ನನ್ನ ತಂಗಿಯ ಸಂಸಾರ ಹೀಗೆಯೇ ಕಾರಿನಲ್ಲಿ ಬರುತ್ತಿದ್ದಾಗ, ಚೋರಡಿ ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಹಿಂದೆ ಲಾರಿಗಳ ಸಾಲು, ಮುಂದೆ ಮರ, ಮೊಬೈಲಿಗೆ ಸಿಗ್ನಲ್ ಇಲ್ಲ. ಹತ್ತಿರದ ಹಳ್ಳಿಯವರು ಗೊರಬು, ಕಂಬಳಿಕೊಪ್ಪೆ ಹಾಕಿಕೊಂಡು ಗರಗಸ ತಂದು, ಟಾರ್ಚಿನ ಬೆಳಕಿನಲ್ಲಿ ಕೊಂಬೆ ಕಡಿದು ದಾರಿ ಮಾಡಿಕೊಡುವಷ್ಟರಲ್ಲಿ ಎರಡೂವರೆ ತಾಸು ಕಳೆದಿತ್ತು. ಹಿಂದಿನ ಸೀಟಿನಲ್ಲಿ ಕಾಲು ಮಡಿಸಿಯೇ ಕೂತಿದ್ದ ಅವಳ ಅತ್ತೆಯವರು ನಮ್ಮ ಮನೆ ಜಗಲಿ ಹತ್ತಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಕಾರಿನಲ್ಲಿಯೇ ಬರುವುದಾದರೆ ಬೆಳಿಗ್ಗೆ ಹೊರಟು ಕತ್ತಲಾಗುವ ಮೊದಲು ಸಾಗರ ಸೇರಿ, ಮರುದಿನ ಜೋಗಕ್ಕೆ ಹೋಗಿ.

ಬೆಂಗಳೂರಿನಿಂದ ಸಾಗರಕ್ಕೆ ರಾತ್ರಿ ಬಸ್ಸುಗಳೂ ಇವೆ, ಸ್ಲೀಪರ್ ಕೂಡ ಸಿಗುತ್ತದೆ. ಪ್ರಾಯದವರಿಗೆ ಅದು ಸಾಕು. ನಿಮ್ಮ ತಾಯಿಯವರಿಗೆ ನಡುರಾತ್ರಿ ಶೌಚಕ್ಕೆ ಇಳಿಯಬೇಕಾದರೆ ಕಷ್ಟ. ಸಾಗರದಿಂದ ಜೋಗಕ್ಕೆ ಹೋಗುವ ಬಸ್ಸುಗಳಲ್ಲಿ ಖಾಸಗಿಯವೂ ಇರುವುದರಿಂದ, ಶಕ್ತಿ ಯೋಜನೆಯ ಉಚಿತ ಪ್ರಯಾಣ ಎಲ್ಲ ಬಸ್ಸಿನಲ್ಲಿಯೂ ಸಿಗುತ್ತದೆಂದು ಎಣಿಸಬೇಡಿ. ಬಸ್ಸಿನಲ್ಲಿ ಹೋದರೆ, ಜೋಗದಲ್ಲಿ ಇಳಿಯುವಾಗಲೇ ವಾಪಸು ಬರುವ ಕೊನೆಯ ಬಸ್ಸಿನ ವೇಳೆಯನ್ನು ಕಂಡಕ್ಟರರಲ್ಲಿ ವಿಚಾರಿಸಿಕೊಳ್ಳಿ. ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ, ಆದರೆ ಅಲ್ಲಿಂದಲೂ ಜೋಗಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ರಸ್ತೆ ಪ್ರಯಾಣ ಉಳಿಯುತ್ತದೆ. ದೇವನಹಳ್ಳಿಗೆ ಹೋಗಿ ವಿಮಾನ ಹತ್ತುವ ಶ್ರಮಕ್ಕೆ ತಕ್ಕ ಉಳಿತಾಯ ನನಗೆ ಕಾಣುವುದಿಲ್ಲ.

ಬಾಡಿಗೆ ಕಾರು ಮಾಡಿ ಎಂದು ಒತ್ತಾಯಿಸುವುದಕ್ಕೆ ಮುಖ್ಯ ಕಾರಣ ಮಂಜು. ನಾಲ್ಕು ನೂರು ಕಿಲೋಮೀಟರ್ ಬಂದು ಕಟಕಟೆಯ ಮುಂದೆ ನಿಂತರೆ ಎದುರಿಗೆ ಬರೀ ಬಿಳಿ ಗೋಡೆ, ಒಳಗಿನಿಂದ ಮೊರೆತ ಮಾತ್ರ ಕೇಳುತ್ತದೆ. ಬಸ್ಸಿನ ವೇಳೆಗೆ ಕಟ್ಟುಬಿದ್ದವರು ಹಾಗೆಯೇ ಮರಳುತ್ತಾರೆ. ಕಳೆದ ಬಾರಿ ನನ್ನ ಅಮ್ಮ ನಿರಾಸೆಯಿಂದ ಕಾರಿಗೆ ವಾಪಸಾದಾಗ ಚಾಲಕ, 'ಅವಸರ ಮಾಡ್ಬೇಡಿ ಅಮ್ಮ, ಗಾಳಿ ಬಂದ್ರೆ ತೆರೀತದೆ' ಎಂದು ಹೇಳಿ ಒಳಗೆ ಬೆಚ್ಚಗೆ ಕೂರಿಸಿದರು. ಮುಕ್ಕಾಲು ಗಂಟೆಯ ನಂತರ ಮಂಜು ಒಂದು ಬದಿಯಿಂದ ಸರಿದು ಮೊದಲು ರಾಜ, ಆಮೇಲೆ ರೋರರ್, ರಾಕೆಟ್, ರಾಣಿ ಒಂದೊಂದಾಗಿ ಕಂಡವು. ಐದು ನಿಮಿಷವೂ ಇರಲಿಲ್ಲ, ಮತ್ತೆ ಮುಚ್ಚಿಕೊಂಡಿತು.

ಎರಡನೆಯ ದಿನ ಸಿಗಂದೂರಿಗೆ ಹೋಗುವ ಮನಸ್ಸಿದ್ದರೆ ಅದೇ ಕಾರಿನಲ್ಲಿ ಹೋಗಬಹುದು. ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಸಾಲಿನಲ್ಲಿ ಕಾಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಕಾರು ನೇರವಾಗಿ ಹಿನ್ನೀರು ದಾಟುತ್ತದೆ. ಹಿಂತಿರುಗುವ ರಾತ್ರಿ ರೈಲಿನ ಟಿಕೆಟನ್ನೂ ಬರುವ ಟಿಕೆಟಿನ ಜೊತೆಗೇ ಯೋಚಿಸಿ ಮಾಡಿಸಿ, ಆ ದಿನ ಸಂಜೆ ಆರರೊಳಗೆ ಸಾಗರದಲ್ಲಿ ಇರುವಂತೆ ಚಾಲಕರಿಗೆ ಬೆಳಿಗ್ಗೆಯೇ ಹೇಳಿಡಿ.